ಆಸ್ಪತ್ರೆಯ 'ಆಕ್ಸಿಜನ್ ಘಟಕ' ಬೋರ್ಡ್ ನೋಡಿ ನಂಬಬೇಡಿ, ಒಳಗೆ ಓಡುತ್ತಿದೆಯಾ ಕೇಳಿ

ಮನೆಯಲ್ಲಿ ಉಬ್ಬಸ, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ), ಹೃದಯದ ತೊಂದರೆ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಹಿಂದೆ ಒಂದು ಶೆಡ್ಡು, ಅದರ ಮೇಲೆ 'ಆಕ್ಸಿಜನ್ ಉತ್ಪಾದನಾ ಘಟಕ' ಅಂತ ದೊಡ್ಡ ಬೋರ್ಡ್ ಇರಬಹುದು. ಕೋವಿಡ್ ಎರಡನೇ ಅಲೆ ಆದ ಮೇಲೆ ಬಹಳ ಊರುಗಳಿಗೆ ಇವು ಬಂದವು. ಆದರೆ ಬೋರ್ಡ್ ಇದೆ ಅಂದ ಮಾತ್ರಕ್ಕೆ ಒಳಗಿನ ಯಂತ್ರ ಓಡುತ್ತಿದೆ ಅಂತ ಅಲ್ಲ. ನಮಗೆ ಇದು ಗೊತ್ತಾಗಿದ್ದು ಮಧ್ಯರಾತ್ರಿಯಲ್ಲಿ, ಚಿಕ್ಕಪ್ಪನ ತುಟಿ ನೀಲಿಯಾಗುತ್ತಿದ್ದಾಗ.

ಚಿಕ್ಕಪ್ಪ ಅಕ್ಕಿ ಗಿರಣಿಯಲ್ಲಿ ಜೀವಮಾನವಿಡೀ ದುಡಿದವರು. ಧೂಳು ಒಂದು ಕಡೆ, ಬೀಡಿ ಇನ್ನೊಂದು ಕಡೆ. ಮಳೆಗಾಲ ಬಂದರೆ ಉಸಿರು ಕಟ್ಟುತ್ತದೆ. ಆವತ್ತು ರಾತ್ರಿ ಜಾಸ್ತಿಯಾಯಿತು. ಮಾತಾಡಲೂ ಆಗುತ್ತಿರಲಿಲ್ಲ, ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿ ಕೂತಿದ್ದರು. ಆಟೊದಲ್ಲಿ ಕರೆದುಕೊಂಡು ಹೋದೆವು. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇ 81 ಇತ್ತು. ಸಿಸ್ಟರ್ ಒಂದು ಕ್ಷಣವೂ ತಡ ಮಾಡದೆ ಮಾಸ್ಕ್ ಹಾಕಿ, ಗೋಡೆಯ ಪಾಯಿಂಟಿನಿಂದ ಆಕ್ಸಿಜನ್ ಕೊಟ್ಟರು, ನೆಬ್ಯುಲೈಸೇಷನ್ (ಔಷಧಿಯನ್ನು ಮಂಜಿನ ಥರ ಮಾಡಿ ಉಸಿರಿಗೆ ಕೊಡುವುದು) ಶುರು ಮಾಡಿದರು. ನಿಧಾನಕ್ಕೆ 89ಕ್ಕೆ ಬಂತು. ಚಿಕ್ಕಮ್ಮ 'ಇನ್ನೂ ಸ್ವಲ್ಪ ಜಾಸ್ತಿ ಇಡಿ ಸಿಸ್ಟರ್' ಅಂದರು. ಬೇಡ, ಇವರ ಕಾಯಿಲೆಗೆ 88ರಿಂದ 92 ಇದ್ದರೆ ಸಾಕು, ಅತಿಯಾಗಿ ಕೊಟ್ಟರೆ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಮಂಪರು ಬರುತ್ತದೆ ಅಂತ ಬಿಡಿಸಿ ಹೇಳಿದರು. (ಇದನ್ನು ನೆನಪಿಡಿ. ಸಿಸ್ಟರ್ ಆ ಕಡೆ ಹೋದಾಗ, ಆಕ್ಸಿಜನ್ ಹೆಚ್ಚು ಕಡಿಮೆ ಮಾಡುವ ಫ್ಲೋ ಮೀಟರ್ ತಿರುಗಿಸುವ ಸಂಬಂಧಿಕರು ಎಲ್ಲಾ ವಾರ್ಡಲ್ಲೂ ಇರುತ್ತಾರೆ. ಮುಟ್ಟಬೇಡಿ.)

ಎಲ್ಲಾ ಸರಿಹೋಯಿತು ಅಂದುಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಚಿಕ್ಕಮ್ಮ ಕೂಗಿದರು. ಒಳಗೆ ಹೋಗಿ ನೋಡಿದರೆ ಫ್ಲೋ ಮೀಟರಿನ ಗುಂಡು ಕೆಳಗೆ ಇಳಿದು ಕೂತಿದೆ. ಪಕ್ಕದ ಹಾಸಿಗೆಯದೂ ಹಾಗೇ. ಅಂದರೆ ಪೈಪಿನಲ್ಲೇ ಒತ್ತಡ ಇಲ್ಲ. ಎಲ್ಲೂ ಅಲಾರಂ ಹೊಡೆಯಲಿಲ್ಲ. ಅಲಾರಂ ಪೆಟ್ಟಿಗೆ ಗೋಡೆ ಮೇಲೆ ಇತ್ತು, ದೀಪ ಮಾತ್ರ ಹತ್ತಿರಲಿಲ್ಲ, ಅದು ಕೆಟ್ಟು ಯಾವ ಕಾಲವಾಗಿತ್ತೋ. ಸ್ಯಾಚುರೇಷನ್ 76ಕ್ಕೆ ಇಳಿಯಿತು.

ಆಗಿದ್ದು ಇಷ್ಟು. ಪೈಪಿಗೆ ಬರುತ್ತಿದ್ದದ್ದು ಬೋರ್ಡ್ ಹಾಕಿದ ಆ ಶೆಡ್ಡಿನ ಪ್ಲಾಂಟಿನ ಆಕ್ಸಿಜನ್ ಅಲ್ಲ. ಮ್ಯಾನಿಫೋಲ್ಡ್ ರೂಮಿನಲ್ಲಿ ಸಾಲಾಗಿ ಜೋಡಿಸಿದ ಜಂಬೋ ಸಿಲಿಂಡರುಗಳದ್ದು. ಒಂದು ಸಾಲು ಖಾಲಿಯಾದರೆ ಇನ್ನೊಂದು ಸಾಲನ್ನು ಕೈಯಿಂದಲೇ ತೆರೆಯಬೇಕು. ಆ ರೂಮಿಗೆ ಬೀಗ. ಬೀಗದ ಕೈ ಹಗಲು ಪಾಳಿಯವರ ಹತ್ತಿರ. ಹಾಗಾದರೆ ಪ್ಲಾಂಟ್ ಶುರು ಮಾಡಿ ಅಂದೆ. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಗುತ್ತಿಗೆ ಮುಗಿದು ಹೋಗಿದ್ದಾನೆ, ಅದು ನಿಂತು ಬಹಳ ದಿನವಾಯಿತು ಅಂದರು.

ಆ ಸಿಸ್ಟರ್ ಬಗ್ಗೆ ನಾನು ಒಂದು ಕೆಟ್ಟ ಮಾತೂ ಆಡುವುದಿಲ್ಲ. ಇಡೀ ವಾರ್ಡಿಗೆ ಅವರೊಬ್ಬರೇ ಇದ್ದರು. ಮೂಲೆಯಲ್ಲಿದ್ದ ಸಣ್ಣ ಸಿಲಿಂಡರ್ ಎಳೆದು ತಂದರು, ರೆಗ್ಯುಲೇಟರ್ ಹಾಕಿದರೆ ವಾಷರ್ ಹೋಗಿ ಬುಸ್ ಅಂತ ಸೋರುತ್ತಿತ್ತು. ಅದನ್ನು ಬಿಟ್ಟು ಹೆರಿಗೆ ವಾರ್ಡಿಗೆ ಓಡಿದರು, ಅಲ್ಲಿಂದ ಇನ್ನೊಂದು ತಂದರು, ಅದು ಚಿಕ್ಕಪ್ಪನಿಗೆ ಹಾಕಲೋ ಪಕ್ಕದ ಹಾಸಿಗೆಯ ಅಜ್ಜಿಗೆ ಹಾಕಲೋ ಅಂತ ಅವರು ನಿಂತ ಆ ಒಂದು ಕ್ಷಣ ಯಾವ ನರ್ಸಿಗೂ ಬರಬಾರದು. ಕೊನೆಗೆ 108 ಬಂತು. ಆ್ಯಂಬುಲೆನ್ಸಿನವರ ಸಿಲಿಂಡರ್‌ನಲ್ಲಿ ಚಿಕ್ಕಪ್ಪನನ್ನು ಜಿಲ್ಲಾ ಆಸ್ಪತ್ರೆಗೆ ಸೇರಿಸಿದೆವು. ಬೀಗದ ಕೈ ಇದ್ದವರೂ ಅಷ್ಟರಲ್ಲಿ ಓಡಿ ಬಂದು ಎರಡನೇ ಸಾಲು ತೆರೆದರಂತೆ, ಅಜ್ಜಿ ಉಳಿದರು. ಚಿಕ್ಕಪ್ಪನೂ ಉಳಿದರು, ಆದರೆ ಈಗ ಮನೆಯಲ್ಲೇ, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಸಣ್ಣ ಯಂತ್ರ ಕಾನ್ಸಂಟ್ರೇಟರ್ ಪಕ್ಕದಲ್ಲೇ ಬದುಕು.

ಆಮೇಲೆ ನಾನು ಇದರ ಬೆನ್ನು ಹತ್ತಿದೆ. ಗೊತ್ತಿರುವ ಬಯೋಮೆಡಿಕಲ್ ಎಂಜಿನಿಯರ್ ಒಬ್ಬರನ್ನು ಹಿಡಿದು ಕೂರಿಸಿಕೊಂಡು ಕೇಳಿದೆ. ಪಿಎಸ್‌ಎ ಅಂತ ಕರೆಯುವ ಈ ಆಕ್ಸಿಜನ್ ಪ್ಲಾಂಟ್ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ 21 ಭಾಗ ಆಕ್ಸಿಜನ್, 78 ಭಾಗ ನೈಟ್ರೋಜನ್ ಅಲ್ವಾ, ಒತ್ತಡದಲ್ಲಿ ಜಿಯೋಲೈಟ್ ಅನ್ನುವ ಹರಳುಗಳ ಮೂಲಕ ಹಾಯಿಸಿದರೆ ನೈಟ್ರೋಜನ್ ಅದಕ್ಕೆ ಅಂಟಿಕೊಳ್ಳುತ್ತದೆ, ಸುಮಾರು ಶೇ 93 ಆಕ್ಸಿಜನ್ ಹೊರಗೆ ಬರುತ್ತದೆ. ಚೆನ್ನಾಗಿರುವ ಯಂತ್ರ. ಲಾರಿಗೆ ಕಾಯಬೇಕಿಲ್ಲ. ಆದರೆ ಅದಕ್ಕೆ ಮೂರು ಹೊತ್ತೂ ಕರೆಂಟ್ ಬೇಕು, ಫಿಲ್ಟರ್ ಬದಲಾಯಿಸಬೇಕು, ಕಂಪ್ರೆಸರ್ ನೋಡಿಕೊಳ್ಳಬೇಕು. ಕಂಪ್ರೆಸರಿನ ಎಣ್ಣೆ ಅಥವಾ ತೇವ ಒಳಗೆ ಹೋದರೆ ಜಿಯೋಲೈಟ್ ಹಾಳು. ಮತ್ತೆ ಶುರು ಮಾಡಿದರೂ ಶುದ್ಧತೆ ಬರುವುದಿಲ್ಲ. ನಿಲ್ಲಿಸಿ ಇಟ್ಟರೆ ಸುಮ್ನೆ ಇರುವ ಯಂತ್ರ ಅಲ್ಲ ಇದು, ಕಟ್ಟಿ ಹಾಕಿ ಮೇವು ಹಾಕದ ಎಮ್ಮೆ ಥರ ಒಳಗೊಳಗೇ ಸೊರಗುತ್ತದೆ.

2021ರಲ್ಲಿ ಪಿಎಂ ಕೇರ್ಸ್ ಹಣದಲ್ಲಿ ದೇಶದಲ್ಲಿ 1,200ಕ್ಕೂ ಹೆಚ್ಚು ಇಂಥ ಪ್ಲಾಂಟ್‌ಗಳಿಗೆ ಮಂಜೂರಾತಿ ಸಿಕ್ಕಿತು. ಕಂಪನಿಗಳು, ದಾನಿಗಳು ಕೊಟ್ಟಿದ್ದು ಬೇರೆ. ಒಳ್ಳೆಯ ಕೆಲಸವೇ. ಆದರೆ ಉದ್ಘಾಟನೆಗೆ ಸಿಗುವ ದುಡ್ಡು ನಿರ್ವಹಣೆಗೆ ಸಿಗುವುದಿಲ್ಲ. ವಾರಂಟಿ ಮುಗಿಯುತ್ತದೆ, ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಮಾಡಿಸುವುದಿಲ್ಲ, ಕರೆಂಟ್ ಬಿಲ್ ಜಾಸ್ತಿ ಅಂತ ಆಫ್ ಮಾಡುತ್ತಾರೆ, ರೋಗಿಗಳು ಕಡಿಮೆ ಇದ್ದಾಗ ಸಿಲಿಂಡರೇ ಸಲೀಸು ಅನ್ನಿಸುತ್ತದೆ. 2022ರ ಡಿಸೆಂಬರ್ 27ಕ್ಕೆ ಮತ್ತೆ 2023ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಕೋವಿಡ್ ಸಿದ್ಧತೆಯ ಅಣಕು ಪ್ರದರ್ಶನ ನಡೆಯಿತು. ಅಂಥ ದಿನ ಪ್ಲಾಂಟ್ ಓಡಿಸಿ ತೋರಿಸುವುದು ಬೇರೆ, ಸಾಮಾನ್ಯ ಮಂಗಳವಾರ ರಾತ್ರಿ ಎರಡು ಗಂಟೆಗೆ ಅದು ಓಡುವುದು ಬೇರೆ.

ಇಷ್ಟು ಕೋಪ ಯಾಕೆ ಅಂದರೆ ನಾವು ಇದನ್ನು ಒಮ್ಮೆ ಅನುಭವಿಸಿದ್ದೇವೆ. 2021ರ ಮೇ 2ರ ರಾತ್ರಿಯಿಂದ ಮರುದಿನದ ಹೊತ್ತಿಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ಜನ ತೀರಿಕೊಂಡರು. ಅಲ್ಲಿಗೆ ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತು. ಆಗ ಇದೇ ರಾಜ್ಯದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದ್ರವ ಆಕ್ಸಿಜನ್ ತಯಾರಿಸುತ್ತಿತ್ತು, ಬಳ್ಳಾರಿ ಭಾಗದಿಂದ ಟ್ಯಾಂಕರುಗಳು ಹೋಗುತ್ತಿದ್ದವು. ಅಂದರೆ ನಾಡಿನಲ್ಲಿ ಆಕ್ಸಿಜನ್ ಇತ್ತು, ಹಾಸಿಗೆಯ ಹತ್ತಿರ ಇರಲಿಲ್ಲ. ರಾಜ್ಯಕ್ಕೆ ದಿನಕ್ಕೆ 1,200 ಟನ್ ಕೊಡಿ ಅಂತ ಹೈಕೋರ್ಟ್ ಮೇ 5ರಂದು ಕೇಂದ್ರಕ್ಕೆ ಹೇಳಬೇಕಾಯಿತು, ಸುಪ್ರೀಂ ಕೋರ್ಟ್ ಕೂಡ ಅದಕ್ಕೆ ಅಡ್ಡಿ ಮಾಡಲಿಲ್ಲ. ಅದಕ್ಕೂ ಮುಂಚೆ, ಏಪ್ರಿಲ್ 21ರಂದು ನಾಸಿಕ್‌ನ ಆಸ್ಪತ್ರೆಯೊಂದರಲ್ಲಿ ದ್ರವ ಆಕ್ಸಿಜನ್ ಟ್ಯಾಂಕ್ ಸೋರಿ ಒತ್ತಡ ಇಳಿದು ಕನಿಷ್ಠ 22 ಜನ ಸತ್ತರು. ಅಲ್ಲಿ ಟ್ಯಾಂಕ್ ಇತ್ತು. ಹಾಗಾಗಿ 'ನಮ್ಮಲ್ಲಿ ಟ್ಯಾಂಕ್ ಇದೆ, ಪ್ಲಾಂಟ್ ಇದೆ' ಅನ್ನುವ ಉತ್ತರ ಕೇಳಿದರೆ ನನಗೆ ಸಮಾಧಾನವೇ ಆಗುವುದಿಲ್ಲ.

ಒಂದು ಲೆಕ್ಕ ತಿಳಿದುಕೊಳ್ಳಿ. ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ಒಬ್ಬ ರೋಗಿಗೆ ಹನ್ನೊಂದೂವರೆ ಗಂಟೆ. ಅಂಥ ಹತ್ತು ಜನ ಇದ್ದರೆ ಒಂದು ಗಂಟೆ ಸ್ವಲ್ಪ ಜಾಸ್ತಿ, ಅಷ್ಟೆ. ನಿಮಿಷಕ್ಕೆ 60 ಲೀಟರ್ ಎಳೆಯುವ ಹೈ ಫ್ಲೋ ಯಂತ್ರಕ್ಕೆ ಒಬ್ಬರಿಗೇ ಎರಡು ಗಂಟೆ ಬರುವುದಿಲ್ಲ. ಟ್ರಾಲಿ ಮೇಲಿನ ಸಣ್ಣದು 1,500 ಲೀಟರಿನದು. ನಿಮ್ಮವರನ್ನು ದೂರ ಸಾಗಿಸುವಾಗ ಮೀಟರ್ ಮುಳ್ಳು ಎಲ್ಲಿದೆ ನೋಡಿ, ದಾರಿಯ ಸಮಯಕ್ಕೆ ಸಾಲುತ್ತದಾ ಕೇಳಿ, ಆಮೇಲೆ ಹೊರಡಿ.

ಆಸ್ಪತ್ರೆಗೆ ಹಗಲು ಹೊತ್ತಲ್ಲಿ, ಮನೆಯಲ್ಲಿ ಎಲ್ಲರೂ ಹುಷಾರಾಗಿರುವಾಗಲೇ ಹೋಗಿ ಕೇಳಿ. ಮರ್ಯಾದೆಯಿಂದ ಕೇಳಿದರೆ ಸಿಬ್ಬಂದಿಯೇ ಹೇಳುತ್ತಾರೆ, ಅವರಿಗೂ ಈ ಭಯ ಇದ್ದೇ ಇದೆ. ಪ್ಲಾಂಟ್ ಕೊನೆಯ ಸಲ ಓಡಿದ್ದು ಯಾವಾಗ, ಶುದ್ಧತೆ ಎಷ್ಟು ಅಂತ ಬರೆದಿಡುವ ಪುಸ್ತಕ ಇದೆಯಾ, ಜನರೇಟರ್ ಆ ಪ್ಲಾಂಟಿನ ಭಾರ ತಡೆಯುತ್ತದಾ ಇಲ್ಲ ಬರೀ ದೀಪಕ್ಕಾ, ರಾತ್ರಿ ಮ್ಯಾನಿಫೋಲ್ಡ್ ರೂಮಿನ ಬೀಗದ ಕೈ ಯಾರ ಹತ್ತಿರ. ಇದರಲ್ಲಿ ಕೊನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಉತ್ತರ ಸಿಗದಿದ್ದರೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಿಮಗೆ ಗೊತ್ತಿರುವವರು ಇದ್ದರೆ ಸಭೆಯಲ್ಲಿ ಎತ್ತಲು ಹೇಳಿ. ಮತ್ತೆ ಊರಿಗೆ ಏನಾದರೂ ಕೊಡಬೇಕು ಅಂತ ಹಣ ಕೂಡಿಸುವ ಬೆಂಗಳೂರು, ದುಬೈನಲ್ಲಿರುವ ಗೆಳೆಯರೇ, ಇನ್ನೊಂದು ಯಂತ್ರ ಬೇಡ. ಇರುವ ಯಂತ್ರದ ಎಎಂಸಿಗೆ, ಅದನ್ನು ನೋಡಿಕೊಳ್ಳುವ ಒಬ್ಬ ಟೆಕ್ನಿಷಿಯನ್ ಸಂಬಳಕ್ಕೆ ಕೊಡಿ. ಅದರ ಮೇಲೆ ನಿಮ್ಮ ಹೆಸರು ಕೆತ್ತುವುದಿಲ್ಲ, ಗೊತ್ತು.

ಮನೆಗೆ ಕಾನ್ಸಂಟ್ರೇಟರ್ ಬಾಡಿಗೆಗೆ ತರುವವರೂ ಹುಷಾರು. ನಮಗೆ ಮೊದಲು ಕೊಟ್ಟಿದ್ದು ಹಳೆಯದು, ಗಾಳಿ ಜೋರಾಗಿ ಬರುತ್ತಿತ್ತು, ಶುದ್ಧತೆ ಇರಲಿಲ್ಲ. ಶುದ್ಧತೆ ಅಳೆಯುವ ಅನಲೈಸರ್ ಹಚ್ಚಿ, ನಿಮಗೆ ಬೇಕಾದ ಲೀಟರಿನಲ್ಲೇ ಇಟ್ಟು ತೋರಿಸು ಅಂತ ಕೇಳಿ, ತೋರಿಸದಿದ್ದರೆ ವಾಪಸ್ ಕಳಿಸಿ. ಕರೆಂಟ್ ಹೋದರೆ ಬೇಕು ಅಂತ ಒಂದು ಸಣ್ಣ ಸಿಲಿಂಡರ್ ಇಟ್ಟುಕೊಳ್ಳಿ. ಅದರ ವಾಲ್ವ್ ಬಿಗಿಯಾಗಿದೆ ಅಂತ ಎಣ್ಣೆ, ಗ್ರೀಸ್ ಹಚ್ಚಲೇಬೇಡಿ, ಆ ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಾಗಿದರೆ ಬೆಂಕಿ ಹತ್ತಬಹುದು. ದೇವರ ದೀಪ, ಬೀಡಿ, ಗ್ಯಾಸ್ ಒಲೆ ಎಲ್ಲಾ ದೂರ.

ನಮ್ಮ ತಾಲ್ಲೂಕಿನಲ್ಲಿ ಅರ್ಜಿ ಹಾಕಿ ಆಗಿದೆ. ಈಗ ರಾತ್ರಿ ಪಾಳಿಯ ಸಿಸ್ಟರ್ ಟೇಬಲ್ ಡ್ರಾಯರ್‌ನಲ್ಲೇ ಬೀಗದ ಕೈ ಮತ್ತು ಸ್ಪ್ಯಾನರ್ ಇಡುತ್ತಾರೆ, ನಾನೇ ಹೋಗಿ ನೋಡಿ ಬಂದೆ. ಪ್ಲಾಂಟ್ ಮಾತ್ರ ಇನ್ನೂ ನಿಂತೇ ಇದೆ. ಅರ್ಜಿಯ ಒಕ್ಕಣೆ ಬೇಕಿದ್ದವರು ಕೇಳಿ, ಕಳಿಸುತ್ತೇನೆ, ಆಸ್ಪತ್ರೆ ಹೆಸರು ಬದಲಾಯಿಸಿ ಹಾಗೇ ಹಾಕಬಹುದು.