ಪೀರ್‌ಟ್ಯೂಬ್: ಚಾನೆಲ್ ಸಿಗುವುದು ತಡ, ಸಿಕ್ಕ ಮೇಲೆ ಕೈತಪ್ಪುವುದಿಲ್ಲ

ಬೆಳಗಾವಿಯಲ್ಲಿ ಬ್ಲೆಂಡರ್ ಎಂಬ 3ಡಿ ಚಿತ್ರ, ಆ್ಯನಿಮೇಶನ್ ತಂತ್ರಾಂಶ ಕಲಿಯುತ್ತಿರುವ ಹುಡುಗರು, ಇಳಕಲ್ಲಿನ ಮಗ್ಗದ ಕೆಲಸವನ್ನು ವಿಡಿಯೊದಲ್ಲಿ ಹಿಡಿದಿಡಬೇಕೆನ್ನುವವರು, ವಿಜಯಪುರದ ದ್ರಾಕ್ಷಿ ಬೆಳೆಗಾರರು. ಇವರಿಗೆಲ್ಲ ವಿಡಿಯೊ ನೋಡುವ, ಹಂಚುವ ಪೀರ್‌ಟ್ಯೂಬ್ ಎಷ್ಟು ಉಪಯೋಗ? ಬೇಕಾದ ಚಾನೆಲ್ ಹುಡುಕುವುದಕ್ಕೆ 5ಕ್ಕೆ 2 ಅಂಕ, ಸಿಕ್ಕ ಚಾನೆಲನ್ನು ಹಿಂಬಾಲಿಸುವುದಕ್ಕೆ 5ಕ್ಕೆ ನಾಲ್ಕೂವರೆ. ಈ ಅಂತರ ಯಾಕೆ ಎಂದು ತಿಳಿದುಕೊಂಡರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಪೀರ್‌ಟ್ಯೂಬ್ ಒಂದೇ ಜಾಲತಾಣವಲ್ಲ. ಫ್ರಾನ್ಸಿನ ಫ್ರಾಮಾಸಾಫ್ಟ್ ಎಂಬ ಲಾಭರಹಿತ ಸಂಸ್ಥೆ ಬೆಳೆಸಿದ, ವಿಡಿಯೊ ತಾಣ ನಡೆಸುವ ತಂತ್ರಾಂಶ ಅದು. ಮೊದಲ ಪೂರ್ಣ ಆವೃತ್ತಿ ಬಂದದ್ದು 2018ರ ಅಕ್ಟೋಬರಿನಲ್ಲಿ. ಅದನ್ನು ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹಾಕಿಕೊಂಡು ನಡೆಸಬಹುದು. ಈ ಸರ್ವರ್‌ಗಳು ಆಕ್ಟಿವಿಟಿಪಬ್ ಎಂಬ ನಿಯಮದ ಮೂಲಕ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ, ಆದರೆ ಎಲ್ಲವೂ ಎಲ್ಲದರ ಜೊತೆಗೆ ಅಲ್ಲ. ಒಂದು ಸರ್ವರಿನ ಹುಡುಕಾಟದಲ್ಲಿ ಕಾಣುವುದು ಅದರದೇ ವಿಡಿಯೊ ಮತ್ತು ಅದು ಹಿಂಬಾಲಿಸುವ ಸರ್ವರ್‌ಗಳ ವಿಡಿಯೊ ಮಾತ್ರ. ಹೊಸಬರು ಯಾವುದೋ ಸಣ್ಣ ಸರ್ವರಿಗೆ ಹೋಗಿ ಹುಡುಕಿ, ಏನೂ ಸಿಗದೆ, ‘ಇಲ್ಲೇನೂ ಇಲ್ಲ’ ಎಂದು ಬಿಟ್ಟುಬಿಡುವುದು ಇದೇ ಕಾರಣಕ್ಕೆ.

ಆದ್ದರಿಂದ ಹುಡುಕಾಟವನ್ನು ಸೆಪಿಯಾ ಸರ್ಚ್‌ನಿಂದ ಶುರು ಮಾಡಿ. ಇದೂ ಫ್ರಾಮಾಸಾಫ್ಟ್‌ನದೇ, 2020ರಲ್ಲಿ ಬಂದದ್ದು. ಅನೇಕ ಸರ್ವರ್‌ಗಳಲ್ಲಿ ಒಟ್ಟಿಗೆ ಹುಡುಕುತ್ತದೆ. ವಿಷಯ, ಭಾಷೆ, ಅವಧಿ, ಪ್ರಕಟವಾದ ದಿನದ ಪ್ರಕಾರ ಸೋಸಬಹುದು. ಭಾಷೆಯ ಸೋಸುವಿಕೆಯನ್ನು ಮಾತ್ರ ನಂಬಬೇಡಿ. ವಿಡಿಯೊ ಹಾಕಿದವರು ಭಾಷೆ ನಮೂದಿಸದಿದ್ದರೆ ಅದು ಪಟ್ಟಿಯಿಂದಲೇ ಜಾರಿಹೋಗುತ್ತದೆ. ಕನ್ನಡದ ವಿಡಿಯೊ ಹುಡುಕುವಾಗ ಅದೇ ಪದವನ್ನು ಒಮ್ಮೆ ಕನ್ನಡ ಲಿಪಿಯಲ್ಲಿ, ಇನ್ನೊಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ನೋಡಿ. ಆದರೂ ಕನ್ನಡದ್ದು ತೀರಾ ಕಡಿಮೆ ಸಿಗುತ್ತದೆ, ಅದು ಇರುವ ಸಂಗತಿ. ಫ್ರೆಂಚ್ ವಿಡಿಯೊಗಳು ಬೇಕಾದಷ್ಟಿವೆ. ದ್ರಾಕ್ಷಿ ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವುದರ ಬಗ್ಗೆ ನೋಡುವವರಿಗೆ ಒಂದು ಎಚ್ಚರಿಕೆ: ಫ್ರಾನ್ಸಿನವರು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಕತ್ತರಿಸುತ್ತಾರೆ, ನಮ್ಮಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಎಂದು ಎರಡು ಸಲ. ಕತ್ತರಿ ಹಿಡಿಯುವ ಕೈಚಳಕ ಕಲಿಯಿರಿ, ತಿಂಗಳ ಲೆಕ್ಕ ಕಲಿಯಬೇಡಿ.

ಒಳ್ಳೆಯ ಸರಕು ಇರುವ ಕಡೆ ನೇರವಾಗಿ ಹೋಗುವುದು ಇನ್ನೂ ಉತ್ತಮ. ಬ್ಲೆಂಡರ್‌ನವರಿಗೆ ಸ್ವಂತ ಪೀರ್‌ಟ್ಯೂಬ್ ಸರ್ವರ್ ಇದೆ. ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಸಮುದಾಯಕ್ಕೂ ಒಂದಿದೆ. ಕೈಯಿಂದ ಏನಾದರೂ ಮಾಡುವವರಿಗೆ ಮೇಕರ್‌ಟ್ಯೂಬ್, ಕಲಿಕೆಯ ವಿಡಿಯೊಗಳಿಗೆ ಟಿಲ್‌ವಿಡ್ಸ್. ಇಂಥ ಸರ್ವರಿನಲ್ಲಿ ಒಂದು ಚಾನೆಲ್ ಹಿಡಿಸಿದರೆ ಅಲ್ಲಿನ ‘ಸ್ಥಳೀಯ ವಿಡಿಯೊ’ಗಳ ಪಟ್ಟಿಯನ್ನೂ ನೋಡಿ, ನೆರೆಹೊರೆಯ ಚಾನೆಲ್‌ಗಳು ಅಲ್ಲೇ ಸಿಗುತ್ತವೆ.

ಚಾನೆಲ್ ಸಿಕ್ಕಿತು ಅಂದಮೇಲೆ ಮೊದಲು ಅದರ ವಿಳಾಸವನ್ನು ಕಾಪಿ ಮಾಡಿಟ್ಟುಕೊಳ್ಳಿ. ಚಾನೆಲ್ ಹೆಸರು, ಅಟ್ ಚಿಹ್ನೆ, ಸರ್ವರಿನ ಹೆಸರು, ಇಮೇಲ್ ಇದ್ದಂತೆಯೇ. ಒಬ್ಬ ವ್ಯಕ್ತಿಯ ಒಂದು ಖಾತೆಯಡಿ ಹಲವು ಚಾನೆಲ್ ಇರಬಹುದು. ಖಾತೆಯ ಪುಟದಲ್ಲಿ ಸಬ್‌ಸ್ಕ್ರೈಬ್ ಒತ್ತಿದರೆ ಅಷ್ಟೂ ಚಾನೆಲ್‌ಗಳು ಬರುತ್ತವೆ. ನೇಯ್ಗೆಯದಷ್ಟೇ ಬೇಕು, ಪ್ರವಾಸದ್ದು ಬೇಡ ಎನ್ನುವವರು ಚಾನೆಲ್ ಪುಟದಲ್ಲೇ ಒತ್ತಬೇಕು.

ನಿಮ್ಮ ಖಾತೆ ಬೇರೆ ಸರ್ವರಿನಲ್ಲಿದ್ದರೆ ಆ ವಿಳಾಸವನ್ನು ನಿಮ್ಮ ಸರ್ವರಿನ ಹುಡುಕು ಪೆಟ್ಟಿಗೆಯಲ್ಲಿ ಪೂರ್ತಿಯಾಗಿ ಹಾಕಿ. ಲಾಗಿನ್ ಆಗಿರಲೇಬೇಕು, ಲಾಗಿನ್ ಆಗದವರಿಗೆ ಹೊರಗಿನ ವಿಳಾಸ ತರಿಸಿಕೊಡುವುದನ್ನು ಬಹಳ ಸರ್ವರ್‌ಗಳು ಮುಚ್ಚಿಟ್ಟಿರುತ್ತವೆ. ಲಾಗಿನ್ ಆಗಿ, ವಿಳಾಸ ಸರಿಯಿದ್ದೂ ಏನೂ ಬಾರದಿದ್ದರೆ ನಿಮ್ಮ ಸರ್ವರಿನ ನಿರ್ವಾಹಕರು ಆ ಇನ್ನೊಂದು ಸರ್ವರನ್ನು ತಡೆದಿರುವ ಸಾಧ್ಯತೆ ಇದೆ. ಅವರನ್ನೇ ಕೇಳಿ.

ಆಕ್ಟಿವಿಟಿಪಬ್ ನಿಯಮದಲ್ಲೇ ನಡೆಯುವ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲದಲ್ಲಿ ಖಾತೆ ಇರುವವರಿಗೆ ಇನ್ನೂ ಸಲೀಸು: ಅದೇ ವಿಳಾಸ ಹುಡುಕಿ, ಫಾಲೋ ಒತ್ತಿ. ಅಲ್ಲಿಂದ ಕೊಟ್ಟ ಉತ್ತರ ವಿಡಿಯೊದ ಕೆಳಗೆ ಕಾಮೆಂಟಾಗಿ ಸೇರುತ್ತದೆ. ಇದು ನಿಜಕ್ಕೂ ದೊಡ್ಡ ಸೌಲಭ್ಯ; ಒಂದೇ ಖಾತೆಯಲ್ಲಿ ಬರಹ, ಚಿತ್ರ, ವಿಡಿಯೊ ಮೂರೂ. ಎರಡು ಕಡೆ ಎಡವುತ್ತಾರೆ. ಫಾಲೋ ಮಾಡುವ ಮುಂಚಿನ ಹಳೆಯ ವಿಡಿಯೊಗಳು ಅಲ್ಲಿ ಕಾಣುವುದಿಲ್ಲ, ಅವಕ್ಕೆ ಮೂಲ ಪುಟಕ್ಕೇ ಹೋಗಬೇಕು. ಇನ್ನೊಂದು, ಪೀರ್‌ಟ್ಯೂಬ್‌ನಲ್ಲಿ ವಿಡಿಯೊ ಪ್ರಕಟಿಸುವುದು ಖಾತೆ, ಅದನ್ನು ಹಂಚುವುದು ಚಾನೆಲ್. ಹಾಗಾಗಿ ಚಾನೆಲಿನಿಂದ ಬರುವುದು ಮಾಸ್ಟೊಡಾನ್‌ನಲ್ಲಿ ಬೂಸ್ಟ್ ಆಗಿ, ಅಂದರೆ ಬೇರೊಬ್ಬರ ಪೋಸ್ಟನ್ನು ಮರುಹಂಚಿದಂತೆ ಬರುತ್ತದೆ. ಬೂಸ್ಟ್‌ಗಳನ್ನು ಮರೆಮಾಡಿಟ್ಟವರಿಗೆ ಒಂದೂ ಕಾಣದು.

ಖಾತೆಯ ಗೊಡವೆಯೇ ಬೇಡ ಎನ್ನುವವರಿಗೆ ಆರೆಸ್ಸೆಸ್ (RSS) ಫೀಡ್ ಇದೆ, ಅಂದರೆ ಹೊಸ ವಿಡಿಯೊಗಳ ಪಟ್ಟಿಯನ್ನು ತಾನಾಗಿ ತಂದುಕೊಡುವ ಕೊಂಡಿ. ಸಬ್‌ಸ್ಕ್ರೈಬ್ ಗುಂಡಿಯ ಪಕ್ಕದ ಬಾಣ ಒತ್ತಿದರೆ ಅದರ ಕೊಂಡಿ ಸಿಗುತ್ತದೆ, ಫೀಡರ್‌ನಂಥ, ಫೀಡ್ ಓದುವ ಯಾವುದೇ ಆ್ಯಪ್‌ಗೆ ಹಾಕಿದರೆ ಸಾಕು. ಆಂಡ್ರಾಯ್ಡ್‌ನಲ್ಲಿ ವಿಡಿಯೊ ನೋಡುವ ನ್ಯೂಪೈಪ್ ಆ್ಯಪ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ: ಸೆಟ್ಟಿಂಗ್ಸ್‌ನಲ್ಲಿ ಪೀರ್‌ಟ್ಯೂಬ್ ಸರ್ವರಿನ ವಿಳಾಸ ಸೇರಿಸಿ, ಪಕ್ಕದ ಮೆನುವಿನ ಮೇಲ್ಭಾಗದಲ್ಲಿ ಸೇವೆಯನ್ನು ಪೀರ್‌ಟ್ಯೂಬ್‌ಗೆ ಬದಲಿಸಿ. ಪಟ್ಟಿ ಫೋನಿನಲ್ಲೇ ಇರುವುದರಿಂದ ಆಗಾಗ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಡಿ. ಫೋನ್ ಕೆಟ್ಟರೆ ಪಟ್ಟಿಯೂ ಹೋಗುತ್ತದೆ.

ದಿನದ ಡೇಟಾ ಪ್ಯಾಕಿನ ಮೇಲೆ ನಡೆಸುವವರು ಗಮನಿಸಬೇಕಾದದ್ದು ಇದು. ಬ್ರೌಸರಿನಲ್ಲಿ ನೋಡುವಾಗ ನೋಡುಗರ ನಡುವೆ ವಿಡಿಯೊ ತುಣುಕುಗಳು ವಿನಿಮಯವಾಗುತ್ತವೆ. ಸರ್ವರಿನ ಹೊರೆ ಇಳಿಯುತ್ತದೆ, ಆದರೆ ನಿಮ್ಮ ಡೇಟಾ ಅಪ್‌ಲೋಡಿಗೂ ಖರ್ಚಾಗುತ್ತದೆ. ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕದ ಗುರುತು, ಇತರ ನೋಡುಗರಿಗೆ ತಿಳಿಯಬಹುದು. ಪುಟದ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಹಂಚಲು ನೆರವಾಗುವ ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿಬಿಡಿ.

ದೊಡ್ಡ ಅಪಾಯ ಸರ್ವರ್ ಮುಚ್ಚುವುದು. ವಿಡಿಯೊ ಮೂಲ ಸರ್ವರಿನಲ್ಲೇ ಇರುತ್ತದೆ, ಹಿಂಬಾಲಿಸುವ ಸರ್ವರ್ ಅದರ ವಿವರವನ್ನಷ್ಟೇ ಇಟ್ಟುಕೊಂಡಿರುತ್ತದೆ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಮೇಲ್ವಿಚಾರಕರು 2022ರಲ್ಲಿ ಶುರು ಮಾಡಿದ ಇಯು ವಿಡಿಯೊ ಎಂಬ ಪೀರ್‌ಟ್ಯೂಬ್ ಸರ್ವರ್ ಕೂಡ 2024ರ ಮೇ ತಿಂಗಳಲ್ಲಿ ನಿಂತಿತು. ಅಂಥ ಸಂಸ್ಥೆಯದ್ದೇ ಹೀಗಾದರೆ ಒಬ್ಬರೇ ನಡೆಸುವ ಸಣ್ಣ ಸರ್ವರಿನ ಗತಿ ಊಹಿಸಿ. ಚಾನೆಲ್ ವಿವರಣೆಯಲ್ಲಿ ಅವರ ಸ್ವಂತ ಜಾಲತಾಣವೋ ಮಾಸ್ಟೊಡಾನ್ ವಿಳಾಸವೋ ಇದೆಯೇ ನೋಡಿ. ಇದ್ದರೆ ಅದನ್ನೂ ಇವತ್ತೇ ಫಾಲೋ ಮಾಡಿಟ್ಟುಕೊಳ್ಳಿ. ಚಾನೆಲ್ ಬೇರೆ ಸರ್ವರಿಗೆ ಹೋದ ಸುದ್ದಿ ಮೊದಲು ಬರುವುದು ಅಲ್ಲಿಂದಲೇ.