ಲೈಬ್ರರಿ ಕುರ್ಚಿ, ನೂರೈವತ್ತು ರೂಪಾಯಿ ಇಯರ್‌ಫೋನು, ನಾಲ್ಕು ಪ್ರೇಮಕಥೆ

ಯೂನಿವರ್ಸಿಟಿ ಲೈಬ್ರರಿಯ ಕಂಪ್ಯೂಟರ್ ರೂಮಿನಲ್ಲಿ ಸಿನಿಮಾ ನೋಡಬೇಕೆಂದರೆ ಡಿವಿಡಿ ಹೊರಗೆ ಒಯ್ಯುವಂತಿಲ್ಲ, ಇಯರ್‌ಫೋನ್ ನಿಮ್ಮದೇ ತರಬೇಕು, ಒಂದು ಸಲಕ್ಕೆ ಎರಡೇ ತಾಸು. ಬೆಳಗಾವಿಯ ಜುಲೈ ಮಳೆಯಲ್ಲಿ ಹಾಸ್ಟೆಲ್ ರೂಮಿನಲ್ಲಿ ಒಣಗದ ಬಟ್ಟೆಗಳ ವಾಸನೆ ಕುಡಿಯುವುದಕ್ಕಿಂತ ಇದೇ ಪಾಡು ಅನ್ನಿಸಿ, ಖಡೇಬಜಾರಿಗೆ ಹೋಗಿ ನೂರೈವತ್ತು ರೂಪಾಯಿಗೆ ಒಂದು ಇಯರ್‌ಫೋನ್ ತಂದೆ. ಮೂರು ವಾರದಲ್ಲಿ ನಾಲ್ಕು ಪ್ರೇಮಕಥೆ ಮುಗಿದವು. ನಾಲ್ಕೂ ಹೆಸರು ಮಾಡಿದ ಚಿತ್ರಗಳೇ, ಅವುಗಳ ಗುಣದೋಷ ಹೇಳಲು ನಾನ್ಯಾರು? ಪಕ್ಕದಲ್ಲಿ ಒಬ್ಬಾಕೆ ಕೆಸೆಟ್ ಪರೀಕ್ಷೆಗೆ ಓದುತ್ತ ಕೂತಿರುವಾಗ, ಗಟ್ಟಿಯಾಗಿ ನಗಲೂ ಬಾರದ, ಅಳಲೂ ಬಾರದ ಆ ಕುರ್ಚಿಗೆ ಯಾವುದು ಒಗ್ಗುತ್ತದೆ ಎಂಬುದಷ್ಟೇ ನನ್ನ ಲೆಕ್ಕ.

ಹಾಗೆ ನೋಡಿದರೆ ಸೋತದ್ದು ‘ಮುಂಗಾರು ಮಳೆ’. 2006ರ ಯೋಗರಾಜ ಭಟ್ಟರ ಚಿತ್ರ, ಹಾಡುಗಳೆಲ್ಲ ಬಾಯಿಪಾಠ. ತೊಂದರೆಯೂ ಅದೇ. ತುಟಿ ತಾನಾಗಿ ಅಲ್ಲಾಡುತ್ತದೆ. ಗಣೇಶ್ ಆ ಮೊಲವನ್ನು ದೇವದಾಸ ಅಂತ ಕರೆದು ಅದರ ಮುಂದೆ ಗೋಳು ತೋಡಿಕೊಳ್ಳುವಾಗ ನಾನು ವೇಲ್ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಆದರೂ ಪಕ್ಕದಾಕೆ ತಿರುಗಿ ನೋಡಿದಳು. ಜೋಗದ ಧಾರೆ ಆ ಸಣ್ಣ ಪರದೆಯಲ್ಲಿ ನಲ್ಲಿ ನೀರಿನಷ್ಟಾಗಿತ್ತು. ಕಥೆ ಬಿಗಿಯಾಗುವ ಹೊತ್ತಿಗೆ ರೂಮು ನೋಡಿಕೊಳ್ಳುವ ಕಾಕಾ ಬಂದು, “ತಂಗಿ, ಟೈಮ್ ಆತ್ ನೋಡ. ಇನ್ನೊಬ್ರು ನಿಂತಾರ” ಅಂದರು. ಹತ್ತು ಮಂದಿ ಕೂಡಿ ಚುರುಮರಿ ತಿನ್ನುತ್ತ ನೋಡಬೇಕಾದ್ದನ್ನು ಒಬ್ಬಳೇ ಕೂತು ನೋಡಿದ್ದು ನನ್ನದೇ ತಪ್ಪು.

ಟೈಮಿನ ವಿಷಯದಲ್ಲಿ ‘ರೋಮನ್ ಹಾಲಿಡೇ’ಗೆ ಸಾಟಿಯಿಲ್ಲ. 118 ನಿಮಿಷ, ಎರಡು ತಾಸಿಗೆ ಎರಡೇ ನಿಮಿಷ ಕಡಿಮೆ. ಹಳೆಯ ಚಿತ್ರವಾದ್ದರಿಂದ ಹೆಸರುಗಳೆಲ್ಲ ಮೊದಲೇ ಬಂದುಹೋಗುತ್ತವೆ. ಡಿಸ್ಕ್ ತಿರುಗಲು ತಡವಾದರೆ ಅವನ್ನು ಓಡಿಸಿಬಿಡಿ, ಕಥೆಯ ಒಂದು ಕೂದಲೂ ಕಳೆಯುವುದಿಲ್ಲ. ಅರಮನೆಯ ಕಟ್ಟುಪಾಡಿಗೆ ಬೇಸತ್ತು ಓಡಿಬಂದ ರಾಜಕುಮಾರಿ, ಸುದ್ದಿ ಮಾರಿ ದುಡ್ಡು ಮಾಡಲು ಹೊರಟ ಪತ್ರಕರ್ತ, ರೋಮ್‌ನಲ್ಲಿ ಒಂದೇ ಒಂದು ದಿನ. 1953ರದು, ಕಪ್ಪುಬಿಳುಪು. ಆಡ್ರೆ ಹೆಪ್‌ಬರ್ನ್‌ಗೆ ಆಸ್ಕರ್ ತಂದದ್ದು ಇದೇ. ಕೊನೆಯಲ್ಲಿ ಗ್ರೆಗರಿ ಪೆಕ್ ಆ ಉದ್ದನೆಯ ಹಾಲಿನಲ್ಲಿ ಒಬ್ಬನೇ ನಡೆದು ಬರುತ್ತಾನೆ. ಅವನ ಬೂಟಿನ ಸಪ್ಪಳ ಕಿವಿಯಲ್ಲೇ ಬಿದ್ದಾಗ ಗಂಟಲು ಬಿಗಿಯಿತು. ಅಳು ಬರಲಿಲ್ಲ. ಲೈಬ್ರರಿಗೆ ಅಷ್ಟೇ ಹದ.

ನನ್ನ ಮೊದಲ ನಂಬರ್ ಮಾತ್ರ ‘ಬೆಳದಿಂಗಳ ಬಾಲೆ’ಗೆ. ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ, 1995, ಮೂಲ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ. ಅನಂತನಾಗ್ ಚದುರಂಗದ ಆಟಗಾರ. ಒಬ್ಬ ಹುಡುಗಿ ಫೋನ್ ಮಾಡುತ್ತಾಳೆ, ಸುಳಿವು ಕೊಡುತ್ತಾಳೆ, ಬುದ್ಧಿಯಿದ್ದರೆ ಹುಡುಕು ಅನ್ನುತ್ತಾಳೆ. ಕೊನೆಯವರೆಗೂ ಅವಳ ಮುಖ ನಮಗೆ ತೋರಿಸುವುದಿಲ್ಲ, ಬರೀ ದನಿ. ಮನೆಯ ಟಿವಿಯಲ್ಲಿ, ಮಿಕ್ಸರ್ ಸದ್ದು, ಅಜ್ಜಿಯ ಪ್ರಶ್ನೆಗಳ ನಡುವೆ ಇದನ್ನು ಹಿಂದೆ ನೋಡಿದ್ದೆ, ಏನೂ ಅನ್ನಿಸಿರಲಿಲ್ಲ. ಇಲ್ಲಿ ಆ ದನಿ ನೇರ ನನ್ನ ಕಿವಿಯೊಳಗೇ. ಅವನಿಗೆ ರಿಸೀವರಿನಲ್ಲಿ ಕೇಳಿಸಿದ್ದಷ್ಟೇ ನನಗೂ ಕೇಳಿಸುತ್ತಿದ್ದುದು. ಅವಳು ಸುಮ್ಮನಾದಾಗ ನಾನೂ ಉಸಿರು ಹಿಡಿದು ಕೂತಿದ್ದೆ. ಎರಡು ತಾಸಿಗೆ ಮುಗಿಯಲಿಲ್ಲ, ಆದರೆ ಇಲ್ಲಿ ಅದು ಲಾಭವೇ ಆಯಿತು. ರಾತ್ರಿ ಮೆಸ್ಸಿನಲ್ಲಿ ರೊಟ್ಟಿ ಮುರಿಯುತ್ತ ಸುಳಿವುಗಳನ್ನು ಕೂಡಿಸಿ ಕಳೆದು ನೋಡಿದೆ, ಮರುದಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ.

‘ಸೈರಾಟ್’ ನೋಡು ಅಂದದ್ದು ರೂಮ್‌ಮೇಟ್. ಅವಳ ಮನೆಮಾತು ಮರಾಠಿ, ನನಗೆ ಬೆಳಗಾವಿ ಬಜಾರಿನಷ್ಟು ಮರಾಠಿ ಬರುತ್ತದೆ, ಉಳಿದದ್ದಕ್ಕೆ ಸಬ್‌ಟೈಟಲ್. ನಾಗರಾಜ ಮಂಜುಳೆಯವರ 2016ರ ಚಿತ್ರ. (ಇದರ ನಾಯಕಿ ರಿಂಕು ರಾಜಗುರು ಮರುವರ್ಷ ಇದರದೇ ಕನ್ನಡ ರೀಮೇಕ್ ‘ಮನಸು ಮಲ್ಲಿಗೆ’ಯಲ್ಲೂ ಬಂದಳು. ನೋಡುವುದಾದರೆ ಮರಾಠಿಯದನ್ನೇ ನೋಡಿ.) ಮೂರು ತಾಸಿಗೆ ಸ್ವಲ್ಪವೇ ಕಡಿಮೆ, ಹಾಗಾಗಿ ಎರಡು ದಿನ ಬೇಕು. ಅಜಯ್-ಅತುಲ್ ಹಾಡುಗಳಲ್ಲಿ ಪಿಟೀಲುಗಳ ಗುಂಪು ಎದ್ದಾಗ ನನ್ನ ನೂರೈವತ್ತು ರೂಪಾಯಿಯ ಮಾಲು ಕೂಡ ಮೈ ಝುಮ್ಮೆನ್ನಿಸಿತು. ಹಾಡುಗಳೆಲ್ಲ ಮುಗಿಯುವಲ್ಲಿಗೆ ಮೊದಲ ದಿನ ನಿಲ್ಲಿಸಿ. ಉಳಿದರ್ಧ ಬೇರೆಯದೇ ಚಿತ್ರ.

ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ. ಒಮ್ಮೆಲೇ ಸದ್ದು ನಿಂತಿತು. ಇಯರ್‌ಫೋನ್ ಕೈಕೊಟ್ಟಿತು ಅಂದುಕೊಂಡು ವೈರು ತಿರುಚಿದೆ, ಪಿನ್ನು ಒತ್ತಿದೆ, ಕಡೆಗೆ ಕಿತ್ತೇಬಿಟ್ಟೆ. ಸ್ಪೀಕರಿನಿಂದಲೂ ಏನಿಲ್ಲ. ಪರದೆಯ ಮೇಲೆ ಚಿತ್ರ ಮಾತ್ರ ಓಡುತ್ತಿತ್ತು. ರೂಮಿನಲ್ಲಿ ಫ್ಯಾನು, ಹೊರಗೆ ತಗಡಿನ ಮೇಲೆ ಮಳೆ.

“ಕೆಟ್ಟೈತೇನ ತಂಗಿ?” ಅಂದರು ಕಾಕಾ.

“ಇಲ್ಲರೀ ಕಾಕಾ, ಇರೋದ ಹಿಂಗ” ಅಂದೆ. ಪಕ್ಕದಾಕೆ ಪುಸ್ತಕ ಮುಚ್ಚಿ ನನ್ನ ಪರದೆಯನ್ನೇ ನೋಡುತ್ತಿದ್ದಳು.