ಚಿತ್ರಕಲಾ ಪರಿಷತ್ತೋ, ಜಾನಪದ ಲೋಕವೋ?

ಬೆಂಗಳೂರಿನಿಂದ ಮಕ್ಕಳನ್ನು ಕರೆದುಕೊಂಡು ಒಂದು ದಿನ ಹೋಗಲು ಚಿತ್ರಕಲಾ ಪರಿಷತ್ತು ಎಂಬ ಕಲಾಸಂಸ್ಥೆ, ಜಾನಪದ ಲೋಕ ಎಂಬ ಜಾನಪದ ವಸ್ತುಸಂಗ್ರಹಾಲಯ, ಇವೆರಡರಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ನನಗೆ ಎರಡೂ ಪ್ರಿಯ, ಆದರೆ ಎರಡರ ಸ್ವಭಾವವೇ ಬೇರೆ.

ದೂರದ ವಿಚಾರದಲ್ಲಿ ಪರಿಷತ್ತೇ ಸುಲಭ. ಬೆಂಗಳೂರಿನಲ್ಲೇ ಕುಮಾರಕೃಪಾ ರಸ್ತೆಯಲ್ಲಿದೆ, ಅರ್ಧ ದಿನ ಸಾಕು. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಮೈಸೂರು ಹೆದ್ದಾರಿಯಲ್ಲಿ, ರಾಮನಗರದ ಬಳಿ ಇದೆ. ಅದಕ್ಕೆ ಇಡೀ ದಿನ ಮೀಸಲಿಡಿ.

ನೋಡುವುದೇನು ಎಂಬುದೇ ಮುಖ್ಯ ಪ್ರಶ್ನೆ. 1960ರಲ್ಲಿ ಆರಂಭವಾದ ಪರಿಷತ್ತಿನಲ್ಲಿ ಮೈಸೂರು ಸಂಪ್ರದಾಯದ ಚಿತ್ರಗಳು, ರಷ್ಯಾ ಮೂಲದ ಕಲಾವಿದ ರೋರಿಕ್ ಅವರ ಹಿಮಾಲಯದ ಚಿತ್ರಗಳು, ತೊಗಲು ಗೊಂಬೆಗಳು ಇವೆ. ಒಂದು ಗೊಂಬೆಯ ಮುಂದೆ ಸುಮ್ಮನೆ ನಿಲ್ಲಿ: ಹದಮಾಡಿದ ತೊಗಲಿನಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳೇ ಆಭರಣಗಳಾಗಿರುತ್ತವೆ, ಹಿಂದಿನಿಂದ ದೀಪ ಬಿದ್ದರೆ ಅವು ಹೊಳೆಯುತ್ತವೆ. ಜೊತೆಗೆ ಬಾಡಿಗೆ ಗ್ಯಾಲರಿಗಳಲ್ಲಿ ಇಂದಿನ ಕಲಾವಿದರ ಪ್ರದರ್ಶನಗಳೂ ನಡೆಯುತ್ತವೆ. ಚಿತ್ರ ಬಿಡಿಸುವ ಮಗುವಿದ್ದರೆ ಇಲ್ಲಿಗೇ ಬನ್ನಿ.

ಜಾನಪದ ಲೋಕದಲ್ಲಿ ಕಲೆ ಚೌಕಟ್ಟಿನೊಳಗಿಲ್ಲ. ಲೋಕಮಾತಾ ಮಂದಿರದಲ್ಲಿ ಬೀಸುವ ಕಲ್ಲು, ಮೊರ, ಮಡಕೆಗಳಿವೆ. ಲೋಕಮಹಲಿನಲ್ಲಿ ವೇಷಭೂಷಣ, ಗೊಂಬೆಗಳಿವೆ. ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಫಲಕ ಹೇಳದ್ದನ್ನು ಆಕೆ ಮೊಮ್ಮಕ್ಕಳಿಗೆ ಹೇಳುತ್ತಾರೆ. ಓಡಾಡದೆ ಇರಲಾರದ ಚಿಕ್ಕ ಮಕ್ಕಳಿಗೂ ಸುಮಾರು 15 ಎಕರೆಯ ಈ ಜಾಗವೇ ಹಿತ. ಬಿಸಿಲಿನಲ್ಲಿ ನಡೆಯಬೇಕಾಗುವುದರಿಂದ ಟೋಪಿ, ನೀರು ಮರೆಯಬೇಡಿ.

ಮಳೆಯ ದಿನವಾದರೆ ಮಾತ್ರ ಹೆಚ್ಚು ಯೋಚಿಸದೆ ಪರಿಷತ್ತಿಗೆ ಹೋಗಿ.